ಇಂಗ್ಲಿಷ್: ಮಧ್ಯಮ ಮಟ್ಟ

ಸ್ಪೇನಿನಲ್ಲಿ ಕೆಲಸಕ್ಕೆ ಅರ್ಜಿ ಹಾಕುವವರ ಬಯೋಡೇಟಾದಲ್ಲಿ ಊರು, ಓದು, ಅನುಭವ ಏನು ಬೇಕಾದರೂ ಬೇರೆಯಾಗಿರಬಹುದು. ಕೊನೆಗೆ ಬರುವ ಒಂದು ಸಾಲು ಮಾತ್ರ ಎಲ್ಲರದೂ ಒಂದೇ: ‘ಇಂಗ್ಲೆಸ್: ನಿಬೆಲ್ ಮೇದ್ಯೊ’. ಇಂಗ್ಲಿಷ್, ಮಧ್ಯಮ ಮಟ್ಟ. ನಮ್ಮಲ್ಲಿ ಹೆಣ್ಣಿನ ಕಡೆಯವರಿಗೆ ‘ಹುಡುಗನದು ಸ್ವಂತ ಬಿಸಿನೆಸ್ಸು’ ಅನ್ನುತ್ತಾರಲ್ಲ, ಆ ಜಾತಿಯ ಮಾತು ಇದು. ಹೇಳಿದವರು ವಿವರಿಸುವುದಿಲ್ಲ, ಕೇಳಿದವರು ಕೆದಕುವುದಿಲ್ಲ.

ಮ್ಯಾಡ್ರಿಡ್‌ನ ಆಫೀಸುಗಳಲ್ಲಿ ಇಂಥವರು ಮಹಡಿಗೊಬ್ಬರಂತೆ ಸಿಗುತ್ತಾರೆ. ನನ್ನ ಪಕ್ಕದ ಮೇಜಿನವರನ್ನು ನಾನು ಮನಸ್ಸಿನೊಳಗೇ ಮಧ್ಯಮರಾಯರು ಎಂದು ಕರೆಯುತ್ತೇನೆ. ವಯಸ್ಸು ನಲವತ್ತೈದು. ಅದರಲ್ಲಿ ಇಂಗ್ಲಿಷ್ ಕಲಿಕೆಗೆ ಸಂದದ್ದು ಮೂವತ್ತೆಂಟು. ಬಾಲ್ಯದಲ್ಲಿ ಗಡಿಯಾರ ತಿನ್ನುವ ಹಸಿರು ದೈತ್ಯ ‘ಮಜ್ಜಿ’ಯ ಬಿಬಿಸಿ ಕ್ಯಾಸೆಟ್ಟು. ಆಮೇಲೆ ಶಾಲೆ, ಬೀದಿ ಕೊನೆಯ ಅಕಾಡೆಮಿ, 1911ರಿಂದ ನಡೆದುಬಂದಿರುವ ಸರ್ಕಾರಿ ಭಾಷಾಶಾಲೆ. ಕಾರಿನಲ್ಲಿ ಇಂಗ್ಲಿಷ್ ಪಾಠವನ್ನೇ ಉಸಿರಾಡುವ ವಾನ್ ರೇಡಿಯೊ. ಯುರೋಪಿನ ಕೌನ್ಸಿಲ್ಲು 2001ರಲ್ಲಿ ಭಾಷೆ ಕಲಿಯುವವರಿಗೆಂದು ಎ1ರಿಂದ ಸಿ2ವರೆಗೆ ಆರು ಮೆಟ್ಟಿಲಿನ ಏಣಿಯೊಂದನ್ನು ನಿಲ್ಲಿಸಿತು. ರಾಯರು ಅದರ ಮೂರನೆಯ ಮೆಟ್ಟಿಲಲ್ಲಿ ಚಾಪೆ ಹಾಸಿಕೊಂಡಿದ್ದಾರೆ.

ಅವರಿಗೆ ವಸಂತ ಬರುವುದು ಸೆಪ್ಟೆಂಬರಿನಲ್ಲಿ. ಆಗಸ್ಟ್ ತಿಂಗಳಿಡೀ ಕಡಲ ದಂಡೆಯಲ್ಲಿ ಬಿದ್ದುಕೊಂಡಿದ್ದ ದೇಶ ಊರಿಗೆ ಮರಳಿ, ಈ ವರ್ಷವಾದರೂ ಹೊಟ್ಟೆ ಕರಗಿಸಬೇಕು, ಇಂಗ್ಲಿಷ್ ಕಲಿಯಬೇಕು ಎಂದು ಪಣ ತೊಡುತ್ತದೆ. ಪೇಪರ್ ಅಂಗಡಿಗಳ ಮುಂದೆ ಕಂತುಕಂತಾಗಿ ಬರುವ ಸಂಗ್ರಹಗಳು ತೂಗುತ್ತವೆ: ಹಡಗಿನ ಮಾದರಿ, ಗೊಂಬೆ ಮನೆ, ಇಂಗ್ಲಿಷ್ ಕೋರ್ಸು. ಮೊದಲ ಕಂತು ಯಾವಾಗಲೂ ಅಗ್ಗ. ರಾಯರ ಮನೆಯಲ್ಲಿ ಅಂಥ ಮೊದಲ ಕಂತುಗಳು ಹನ್ನೊಂದಿವೆ. ಎರಡನೆಯದು ಒಂದೂ ಇಲ್ಲ.

ತಪ್ಪೆಲ್ಲ ಅವರದೇ ಅಲ್ಲ. ಪರದೇಶದ ಸಿನಿಮಾಗಳು ಸ್ಪ್ಯಾನಿಷಿನಲ್ಲೇ ಮಾತಾಡಬೇಕೆಂದು ಫ್ರಾಂಕೊ ಸರ್ಕಾರ 1941ರಲ್ಲಿ ಹುಕುಂ ಹೊರಡಿಸಿತು. ಹುಕುಂ ಹೋಯಿತು, ಚಾಳಿ ಉಳಿಯಿತು. ಹಾಲಿವುಡ್ಡಿನ ಕೌಬಾಯ್‌ಗಳೆಲ್ಲ ಇಲ್ಲಿ ಅಚ್ಚ ಸ್ಪ್ಯಾನಿಷಿನಲ್ಲೇ ಗುಂಡು ಹಾರಿಸುತ್ತಾರೆ. ಡಬ್ಬಿಂಗ್ ಬೇಡವೆಂದು ದಶಕಗಟ್ಟಲೆ ಹಠ ಹಿಡಿದ ನಾಡಿನವನಾದ ನನಗೆ ಇದೊಂದು ವಿಚಿತ್ರ ಲೋಕ.

ಆದರೆ ರಾಯರ ನಿಜವಾದ ವೈರಿ ಸಿನಿಮಾ ಅಲ್ಲ, ಉಚ್ಚಾರಣೆಯೂ ಅಲ್ಲ. ‘ಸ್ಟಾಪ್’ ಅನ್ನು ‘ಎಸ್ಟಾಪ್’ ಅಂದರೆ ಯಾರ ಗಂಟೇನು ಹೋಗುತ್ತದೆ? ನಮ್ಮ ಹಳ್ಳಿಯಲ್ಲೂ ಸ್ಕೂಲು ‘ಇಸ್ಕೂಲು’ ತಾನೆ. ವೈರಿಯ ಹೆಸರು ಫ್ರೇಸಲ್ ವರ್ಬ್; ರಾಯರ ಬಾಯಲ್ಲಿ ‘ಫ್ರೇಸಲ್ ಬೆರ್ಬ್’. ಗೆಟ್, ಪುಟ್, ಟೇಕ್, ಗೋ ಎಂಬ ಬಡಪಾಯಿ ಕ್ರಿಯಾಪದಗಳ ಬೆನ್ನಿಗೆ ಅಪ್, ಆಫ್, ಔಟ್ ಎಂಬ ಬಾಲ. ಎರಡೂ ಬಿಡಿಬಿಡಿಯಾಗಿ ಸಾಧುಗಳು, ಜೊತೆಯಾದರೆ ಯಾರ ಮಾತೂ ಕೇಳುವುದಿಲ್ಲ. ಪರದೇಶಿಗಳಿಗೆ ಇಂಗ್ಲಿಷಿನಲ್ಲಿ ಅತಿ ಕಷ್ಟದ್ದು ಇದೇ ಎಂದು ಸ್ಯಾಮ್ಯುಯಲ್ ಜಾನ್ಸನ್ 1755ರಲ್ಲೇ ತನ್ನ ನಿಘಂಟಿನ ಮುನ್ನುಡಿಯಲ್ಲಿ ಒಪ್ಪಿಕೊಂಡಿದ್ದ. ಅವನ್ನೆಲ್ಲ ಜೋಪಾನವಾಗಿ ನಿಘಂಟಿಗೆ ಸೇರಿಸಿದ್ದೇನೆ, ಇನ್ನು ಅಷ್ಟು ತೊಡಕಾಗದು ಎಂದೂ ನಂಬಿದ್ದ.

ಅವಮಾನದ ಸಂಗತಿಯೆಂದರೆ ಈ ಬಾಲಗಳು ನೋಡಲು ಬರೀ ಉಪಸರ್ಗಗಳು. ಉಪಸರ್ಗವೆಂದರೆ ಸ್ಪೇನಿನ ಮಕ್ಕಳಿಗೆ ಮಗ್ಗಿ. ‘ಆ, ಆಂತೆ, ಬಾಹೊ, ಕಾಬೆ, ಕೊನ್, ಕೊಂತ್ರಾ’ ಎಂದು ಉರು ಹೊಡೆದದ್ದನ್ನು ರಾಯರು ಇಂದಿಗೂ ಒಂದೇ ಉಸಿರಿನಲ್ಲಿ ಒಪ್ಪಿಸಬಲ್ಲರು. ‘ಕಾಬೆ’ಯನ್ನು ಈಗ ಯಾರೂ ಬಳಸುವುದಿಲ್ಲ, ಆದರೂ ಬಿಡುವಂತಿಲ್ಲ, ಮಂತ್ರ ಕೆಡುತ್ತದೆ. ಇಷ್ಟೆಲ್ಲ ಇದ್ದೂ ಇಂಗ್ಲಿಷಿನ ಇನ್, ಆನ್, ಅಟ್ ಮೂರಕ್ಕೂ ಅವರ ಹತ್ತಿರ ಇರುವುದು ಸಾಮಾನ್ಯವಾಗಿ ‘ಎನ್’ ಎಂಬ ಒಂದೇ ಪದ.

ಹಾಗಾಗಿ ಅವರದೊಂದು ನೋಟುಬುಕ್ಕಿದೆ. ‘ಗೆಟ್’ ಒಂದಕ್ಕೇ ಒಂಬತ್ತು ಪುಟ. ‘ಮೇಕ್ ಅಪ್’ ಎದುರು: ಮುಖಕ್ಕೆ ಬಳಿಯುವುದು, ಇಲ್ಲದ ಕಥೆ ಕಟ್ಟುವುದು, ಜಗಳವಾಡಿದವರು ರಾಜಿಯಾಗುವುದು. “ಅಯ್ಯಾ ಒಂಬ್ರೆ, ಇದು ಮೂರು ಅರ್ಥ ಅಲ್ಲ, ಒಂದು ಸಂಸಾರ” ಎಂದಿದ್ದರು. ಫಾರಂ ತುಂಬುವುದಕ್ಕೆ ಫಿಲ್ ಇನ್ ಅಂದರೂ ಸೈ, ಫಿಲ್ ಔಟ್ ಅಂದರೂ ಸೈ ಎಂದು ಗೊತ್ತಾದ ದಿನ ಮಧ್ಯಾಹ್ನ ಅವರು ಊಟ ಸರಿಯಾಗಿ ಮಾಡಲಿಲ್ಲ.

‘ಗೋ ಆಫ್’ ಎದುರು ದೀಪ ಆರುವುದು ಎಂದಷ್ಟೇ ಬರೆದುಕೊಂಡಿದ್ದರು. ಒಂದು ದಿನ ಇಂಗ್ಲೆಂಡಿನಿಂದ ಮೇಲ್ ಬಂತು: ಬೆಳಗಿನ ಜಾವ ಐದಕ್ಕೆ ಗೋದಾಮಿನ ಅಲಾರಂ ವೆಂಟ್ ಆಫ್. ಹೊಡೆದುಕೊಳ್ಳುತ್ತಿದ್ದ ಅಲಾರಂ ಅಂತೂ ಆರಿತಲ್ಲ ಎಂದು ಹಿಗ್ಗಿದ ರಾಯರು, ಸ್ಪ್ಯಾನಿಷಿನ ಸಂತೋಷವನ್ನು ಹಾಗೇ ಎತ್ತಿಟ್ಟು ಉತ್ತರಿಸಿದರು: ‘ಐ ಸೆಲೆಬ್ರೇಟ್ ದಿಸ್ ಗುಡ್ ನೋಟೀಸ್’. ಅಲ್ಲಿ ಕಳ್ಳರು ನುಗ್ಗಿದ್ದರು. ಇವರು ಅಭಿನಂದನೆ ಕಳಿಸಿದ್ದರು. ಹಾಲು ಕೆಡುವುದಕ್ಕೂ ಗೋ ಆಫ್ ಅನ್ನುತ್ತಾರೆಂದು ಆಗ ನಾನು ಹೇಳಲು ಹೋಗಲಿಲ್ಲ.

ಇಷ್ಟಾದರೂ ರಾಯರ ಇಂಗ್ಲಿಷ್ ಬಡವಾದದ್ದೆಂದು ತಿಳಿಯಬೇಡಿ. ಅದು ಶ್ರೀಮಂತಿಕೆಯಿಂದಲೇ ಹಾಳಾದದ್ದು. ಲ್ಯಾಟಿನ್ ಮನೆತನದ ಪದಗಳೆಲ್ಲ ಅವರಿಗೆ ಹುಟ್ಟಿನಿಂದ ಬಂದ ಪಿತ್ರಾರ್ಜಿತ. ಇಂಗ್ಲಿಷರು ಸಿಗರೇಟನ್ನು ‘ಪುಟ್ ಔಟ್’ ಮಾಡಿದರೆ ಇವರು ‘ಎಕ್ಸ್‌ಟಿಂಗ್ವಿಶ್’ ಮಾಡುತ್ತಾರೆ. ಅವರು ಅತ್ತೆಯನ್ನು ‘ಪುಟ್ ಅಪ್ ವಿತ್’ ಮಾಡಿಕೊಂಡರೆ ಇವರು ‘ಟಾಲರೇಟ್’ ಮಾಡುತ್ತಾರೆ. ಮೆಟ್ಟಿಲು ಹತ್ತುವುದಿಲ್ಲ, ‘ಅಸೆಂಡ್’ ಆಗುತ್ತಾರೆ. ಯಕ್ಷಗಾನದ ವೇಷಧಾರಿಯೊಬ್ಬರು ಕಿರೀಟ ತೆಗೆಯದೆ ದಿನಸಿ ಅಂಗಡಿಗೆ ಬಂದು, “ಎಲೈ ವಣಿಕನೇ, ಅರ್ಧ ಸೇರು ತೊಗರಿಬೇಳೆಯನ್ನು ಎಮಗೆ ಪ್ರದಾನ ಮಾಡುವಂಥವನಾಗು” ಎಂದರೆ ಹೇಗಿರುತ್ತದೆ? ಲಂಡನ್ನಿನ ಹೋಟೆಲಿನಲ್ಲಿ ರಾಯರು ಚಹಾ ಕೇಳುವುದು ಹಾಗೆ. ವಿದ್ವಾಂಸರ ಇಂಗ್ಲಿಷ್ ಪುಕ್ಕಟೆ ಸಿಕ್ಕಿಬಿಟ್ಟಿದೆ, ಮೀನು ಮಾರುವವರ ಇಂಗ್ಲಿಷಿಗೆ ಫೀಸು ಕಟ್ಟುತ್ತಿದ್ದಾರೆ.

ಈ ಶ್ರೀಮಂತಿಕೆಗೆ ತಕ್ಕ ಜೋಡಿ ಸಿಕ್ಕಿದ್ದು ಬೆಂಗಳೂರಿನಲ್ಲಿ. ವಾರಕ್ಕೊಮ್ಮೆ ಅಲ್ಲಿನ ನಮ್ಮ ತಂಡದೊಡನೆ ಕಾಲ್ ಇರುತ್ತದೆ. ಒಮ್ಮೆ ರಾಯರು ಸಭೆಯನ್ನು ಪೋಸ್ಟ್‌ಪೋನ್ ಮಾಡಿ ಅಂದರು. ಅತ್ತಲಿಂದ ಉತ್ತರ ಬಂತು: ಪೋಸ್ಟ್‌ಪೋನ್ ಕಷ್ಟ, ಬೇಕಾದರೆ ಪ್ರಿಪೋನ್ ಮಾಡೋಣ. ರಾಯರ ಕಣ್ಣು ಅರಳಿತು. ಇಷ್ಟು ಸೊಗಸಾದ ಪದ ಇಷ್ಟು ದಿನ ಎಲ್ಲಿತ್ತು? “ಕೈಂಡ್ಲಿ ಡು ದ ನೀಡ್‌ಫುಲ್” ಅಂದಾಗಲಂತೂ ಅದರ ಒಂದೊಂದು ಅಕ್ಷರವೂ ಅವರಿಗೆ ಅರ್ಥವಾಯಿತು. ಎರಡೂ ಕಡೆಯವರು ಅರ್ಧ ಗಂಟೆ, ಒಂದೇ ಒಂದು ಫ್ರೇಸಲ್ ವರ್ಬಿನ ಹಂಗಿಲ್ಲದೆ, ಕೋರ್ಟಿನ ವಕೀಲರಂತೆ ಸರಾಗವಾಗಿ ಮಾತಾಡಿದರು.

ಆಗ ಲಂಡನ್ನಿನವರು ಕಾಲ್‌ಗೆ ಬಂದರು. “ಲೆಟ್ಸ್ ಪುಟ್ ಇಟ್ ಆಫ್, ಸಾರ್ಟ್ ಇಟ್ ಔಟ್, ಅಂಡ್ ಇಫ್ ಇಟ್ ಫಾಲ್ಸ್ ಥ್ರೂ, ಕಾಲ್ ಇಟ್ ಆಫ್.” ಮ್ಯಾಡ್ರಿಡ್ ಮೌನವಾಯಿತು. ಬೆಂಗಳೂರು ಗಂಟಲು ಸರಿಮಾಡಿಕೊಂಡಿತು. ಇಂಗ್ಲಿಷನ್ನೇ ಮಾತೃಭಾಷೆಯಾಗಿ ಉಳ್ಳವರು ಬಂದದ್ದೇ ತಡ, ಅಷ್ಟು ಚೆನ್ನಾಗಿ ನಡೆಯುತ್ತಿದ್ದ ಇಂಗ್ಲಿಷ್ ನಿಂತುಹೋಯಿತು. ರಾಯರು ಮೈಕು ಮುಚ್ಚಿ ನನ್ನತ್ತ ತಿರುಗಿದರು. ಮುಂದೂಡೋಣ, ಸರಿಪಡಿಸೋಣ, ಕೈಗೂಡದಿದ್ದರೆ ಕೈಬಿಡೋಣ ಅನ್ನುತ್ತಿದ್ದಾರೆ ಎಂದೆ.

“ಅಷ್ಟಕ್ಕೆ ಇಷ್ಟೊಂದು ಬಾಲವೇ?” ಎಂದು ಅವರು ಮುಖ ಕಿವುಚಿದರು. ಅವರನ್ನು ಸಮಾಧಾನಪಡಿಸಲು 2013ರ ಕಥೆ ನೆನಪಿಸಬೇಕಾಯಿತು. ಒಲಿಂಪಿಕ್ಸ್ ಕೇಳಲು ಬ್ಯೂನಸ್ ಐರಿಸ್‌ಗೆ ಹೋಗಿದ್ದ ಮ್ಯಾಡ್ರಿಡ್‌ನ ಮೇಯರ್ ಆನಾ ಬೊತೆಯಾ ಇಂಗ್ಲಿಷ್ ಭಾಷಣದ ನಡುವೆ, ಊರ ಚೌಕವಾದ ಪ್ಲಾಸಾ ಮಯೋರ್‌ನಲ್ಲಿ ‘ರಿಲ್ಯಾಕ್ಸಿಂಗ್ ಕಪ್ ಆಫ್ ಕಫೆ ಕೊನ್ ಲೆಚೆ’ಗೆ, ಅಂದರೆ ಹಾಲಿನ ಕಾಫಿಗೆ, ಸಮಾನವಾದದ್ದಿಲ್ಲ ಅಂದುಬಿಟ್ಟರು. ಒಲಿಂಪಿಕ್ಸ್ ಟೋಕಿಯೊಗೆ ಹೋಯಿತು. ಮ್ಯಾಡ್ರಿಡ್‌ಗೆ ಆ ವಾಕ್ಯ ಉಳಿಯಿತು, ಟೀ ಶರ್ಟುಗಳ ಮೇಲೂ ಬಂತು. ರಾಯರು ಯೋಚಿಸಿ ಹೇಳಿದರು: “ಪಾಪ. ಆ ವಾಕ್ಯದಲ್ಲಿ ಒಂದಾದರೂ ಫ್ರೇಸಲ್ ವರ್ಬ್ ಹಾಕಬೇಕಿತ್ತು.”

ಸ್ಪ್ಯಾನಿಷೇನು ಸಾಮಾನ್ಯವೇ ಎಂದು ಒಮ್ಮೆ ಕೆಣಕಿದೆ. ‘ಎಚಾರ್’ ಅಂದರೆ ಎಸೆಯುವುದು. ಆದರೆ ಇವರು ಪೆಟ್ರೋಲನ್ನು ಎಚಾರ್ ಮಾಡುತ್ತಾರೆ, ತಪ್ಪನ್ನು ಇನ್ನೊಬ್ಬರ ಮೇಲೆ ಎಚಾರ್ ಮಾಡುತ್ತಾರೆ, ಮಧ್ಯಾಹ್ನದ ಸಿಯೆಸ್ತಾ ನಿದ್ದೆಯನ್ನೂ ಎಚಾರ್ ಮಾಡುತ್ತಾರೆ. ಯಾರನ್ನಾದರೂ ನೆನೆದು ಕೊರಗುವುದೂ ‘ಎಚಾರ್ ದೆ ಮೆನೊಸ್’. ರಾಯರು ನಕ್ಕು, ನಿಮ್ಮ ಭಾಷೆಯಲ್ಲಿ ಇಂಥ ರಗಳೆ ಇಲ್ಲವಾ ಎಂದರು. ಸ್ಪೇನಿನಲ್ಲಿ ‘ಎಚಾರ್ ಉನಾ ಮಾನೊ’, ಕೈ ಎಸೆಯುವುದು, ಅಂದರೆ ಸಹಾಯ ಮಾಡುವುದು. ಕನ್ನಡದಲ್ಲಿ ಕೈಕೊಟ್ಟ ಅಂದರೆ ನಡುನೀರಿನಲ್ಲಿ ಬಿಟ್ಟುಹೋದ ಅಂತ ಎಂದೆ. ಅವರು ಕುರ್ಚಿ ಹತ್ತಿರ ಎಳೆದುಕೊಂಡರು. ಹೊಡಿ ಅಂದರೆ ಏಟು ಕೊಡು ಅಂತ, ಆದರೆ ಗೋಡೆಗೆ ಬಣ್ಣ ಹೊಡೆಯುತ್ತೇವೆ, ಹರಟೆ ಹೊಡೆಯುತ್ತೇವೆ, ಗೊರಕೆ ಹೊಡೆಯುತ್ತೇವೆ, ಪರೀಕ್ಷೆಯಲ್ಲಿ ಕಾಪಿ ಹೊಡೆಯುತ್ತೇವೆ, ಕಾಫಿಯನ್ನೂ ಹೊಡೆಯುತ್ತೇವೆ ಎಂದೆ. ಅವರು ನೋಟುಬುಕ್ಕನ್ನು ತಿರುಗಿಸಿ ಹಿಂಬದಿಯಿಂದ ಹೊಸ ಪುಟ ತೆಗೆದರು.

ಮರುದಿನ ಹನ್ನೊಂದು ಗಂಟೆಗೆ ನನ್ನ ಮೇಜಿನ ಮುಂದೆ ಬಂದು ನಿಂತು, ನೋಟುಬುಕ್ಕು ನೋಡದೆ, ಗಂಭೀರವಾಗಿ ಕೇಳಿದರು: “ಕಾಫಿ ಹೊಡಿಯೋಣಾ?”

ಮೂವತ್ತೆಂಟು ವರ್ಷದಲ್ಲಿ ಇಂಗ್ಲಿಷಿಗೆ ದಕ್ಕದ ಸರಾಗ ಅದರಲ್ಲಿತ್ತು. ಹೋದ ವಾರ ಅವರ ಬಯೋಡೇಟಾ ತಿದ್ದಿಕೊಡಲು ನನ್ನ ಹತ್ತಿರ ಬಂದಿತ್ತು. ಕೊನೆಯಲ್ಲಿ ಆ ಹಳೆಯ ಸಾಲು ಹಾಗೇ ಇದೆ. ಅದರ ಕೆಳಗೆ ಹೊಸದೊಂದು ಸೇರಿದೆ: ಕನ್ನಡ, ಮಧ್ಯಮ ಮಟ್ಟ.