ಮಳೆಗಾಲಕ್ಕೂ ಒಂದು ಮನೆ ಬರೆದುಕೊಡಿ

ಶಿವಮೊಗ್ಗದ ಪಕ್ಕದ ಸೋಗಾನೆ ಸುತ್ತಮುತ್ತ ಮನೆ ಪ್ಲಾನ್ ಬರೆಯುತ್ತಿರುವ ಎಲ್ಲ ಇಂಜಿನಿಯರರೇ,

ನೀವು ಬರೆದುಕೊಟ್ಟ ಪ್ಲಾನುಗಳ ಪ್ರಕಾರ ಎದ್ದ ಮನೆಗಳನ್ನು ನಮ್ಮ ಲೇಔಟಿನಲ್ಲಿ ಒಳಹೊಕ್ಕು ನೋಡಿದ್ದೇನೆ. ಅಂಥದೇ ಒಂದರಲ್ಲಿ ಸಂಸಾರವನ್ನೂ ಮಾಡುತ್ತಿದ್ದೇನೆ. ಕಾರು ನಿಲ್ಲಿಸಲು ಪೋರ್ಟಿಕೋ, ದೊಡ್ಡದೊಂದು ಹಾಲ್, ಅದಕ್ಕೇ ಸೇರಿಕೊಂಡ ಓಪನ್ ಕಿಚನ್, ಈಶಾನ್ಯಕ್ಕೆ ದೇವರ ಮನೆ, ಮೇಲೊಂದು ಬಾಲ್ಕನಿ, ಟಿವಿ ಹಿಂದಿನ ಗೋಡೆಗೆ ಬೇರೆಯದೇ ಡಿಸೈನು. ಎಲ್ಲವೂ ಇದೆ. ಒದ್ದೆ ಬಟ್ಟೆ ಒಣಹಾಕಲು ಮಾತ್ರ ಎಲ್ಲೂ ಜಾಗವಿಲ್ಲ. ವರ್ಷದಲ್ಲಿ ನಾಲ್ಕು ತಿಂಗಳು ಮಳೆ ಹಿಡಿಯುವ ಊರಿನಲ್ಲಿ ಇದು ಸಣ್ಣ ಮರೆವಲ್ಲ. ಆ ನಾಲ್ಕು ತಿಂಗಳು ಮನೆಯೊಳಗೆ ಏನೇನಾಗುತ್ತದೆ ಎಂದು ನಿಮಗೆ ಯಾರೂ ಹೇಳಿದ ಹಾಗಿಲ್ಲ. ಅದಕ್ಕೇ ಈ ಪತ್ರ.

ಮಳೆಯ ಮೇಲೆ ನನ್ನ ದೂರಿಲ್ಲ, ಇದನ್ನು ಮೊದಲೇ ಹೇಳಿಬಿಡುತ್ತೇನೆ. ತುಂಗೆ ತುಂಬಿ ಕೋರ್ಪಲಯ್ಯನ ಛತ್ರದ ಹತ್ತಿರದ ಮಂಟಪ ಮುಳುಗಿತು ಅಂದರೆ ಮಕ್ಕಳನ್ನು ಕರೆದುಕೊಂಡು ನೋಡಲು ಹೋಗುವ ಊರು ನಮ್ಮದು. ಗಾಜನೂರು ಅಣೆಕಟ್ಟೆಯ ಗೇಟು ಎತ್ತಿದ ಸುದ್ದಿ ಓದಿದರೆ ಹೊಟ್ಟೆ ತಣ್ಣಗಾಗುತ್ತದೆ. ಲಕ್ಕವಳ್ಳಿಯ ಭದ್ರಾ ಡ್ಯಾಮು 186 ಅಡಿ ಮುಟ್ಟಿತೋ ಇಲ್ಲವೋ ಎಂಬುದು ಭದ್ರಾವತಿಯಲ್ಲಿ ಕಾಫಿ ಕುಡಿಯುವಾಗಿನ ಮಾತು. ಮಳೆ ಬರಲೇಬೇಕು. ಅದು ಬರುತ್ತದೆ ಎಂದು ಗೊತ್ತಿದ್ದ ಮೇಲೂ ಬಾರದು ಎಂಬಂತೆ ಮನೆ ಕಟ್ಟುವುದು ನನ್ನ ತಕರಾರು.

2023ರ ಫೆಬ್ರುವರಿ 27ರಂದು ನಮ್ಮೂರಿನಲ್ಲಿ ರಾಷ್ಟ್ರಕವಿ ಕುವೆಂಪು ವಿಮಾನ ನಿಲ್ದಾಣ ಉದ್ಘಾಟನೆಯಾಯಿತು. ಆಗಸ್ಟ್ 31ಕ್ಕೆ ಬೆಂಗಳೂರಿನಿಂದ ಮೊದಲ ಪ್ರಯಾಣಿಕರ ವಿಮಾನ ಬಂದಿಳಿಯಿತು. ಅಲ್ಲಿಂದೀಚೆಗೆ ಸೋಗಾನೆ, ನಿದಿಗೆ, ಮಾಚೇನಹಳ್ಳಿ, ಮಲವಗೊಪ್ಪ ಎಂದು ಶಿವಮೊಗ್ಗ ಭದ್ರಾವತಿ ನಡುವಿನ ನೆಲಕ್ಕೆಲ್ಲ ಸೈಟಿನ ಕಲ್ಲು ಬಿದ್ದಿದೆ. ಊರು ಬೆಳೆದದ್ದು ನನಗೂ ಸಂತೋಷವೇ. ಆದರೆ ಸೈಟಿನ ಜೊತೆಗೆ ಬೆಂಗಳೂರಿನ ಪ್ಲಾನೂ ಬಂತು. ಬೆಂಗಳೂರಿನ ಮಳೆ ಸಾಮಾನ್ಯವಾಗಿ ಸಂಜೆ ಹೊಡೆದು ರಾತ್ರಿ ನಿಲ್ಲುತ್ತದೆ, ಬೆಳಿಗ್ಗೆ ಬಿಸಿಲು ಬೀಳುತ್ತದೆ. ಆ ಊರಿಗೆ ಆ ಮನೆ ಸರಿ. ಇಲ್ಲಿ ಆರಿದ್ರಾ ಹಿಡಿದರೆ ಪುನರ್ವಸು, ಪುಷ್ಯ ದಾಟಿ ಆಶ್ಲೇಷದ ತನಕ ಸೂರ್ಯನ ಮುಖ ಸರಿಯಾಗಿ ಕಾಣದೆ ವಾರಗಳು ಉರುಳುತ್ತವೆ. ಮೋಡ ಕೆಳಗಿಳಿದ ದಿನ ವಿಮಾನವೇ ಇಳಿಯಲಾರದೆ ತಿರುಗಿ ಹೋಗಿದ್ದಿದೆ. ವಿಮಾನ ಹಾರಿಸುವವರು ಇಲ್ಲಿನ ಹವೆಯನ್ನು ಲೆಕ್ಕಕ್ಕೆ ಹಿಡಿಯುತ್ತಾರೆ, ಮನೆ ಕಟ್ಟಿಸುವವರು ಹಿಡಿಯುವುದಿಲ್ಲ.

"ಇದೇನು ಆಗುಂಬೆಯಾ ಮೇಡಂ?" ಎಂದು ನಿಮ್ಮಲ್ಲಿ ಒಬ್ಬರು ನನ್ನನ್ನು ಕೇಳಿದ್ದುಂಟು. ಅಲ್ಲ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗೂ ಮೇಲೆ ಸುರಿಯುತ್ತದೆ, ನಮ್ಮಲ್ಲಿ ಅದಕ್ಕೆ ಹೋಲಿಸಿದರೆ ಬಹಳ ಕಡಿಮೆ. ಆದರೆ ಮನೆಯನ್ನು ಕೆಡಿಸುವುದು ಸುರಿಯುವ ಮಳೆಗಿಂತ ಹೆಚ್ಚಾಗಿ ಗಾಳಿಯಲ್ಲಿ ನಿಲ್ಲುವ ತೇವ. ಜಿಟಿಜಿಟಿ ಮಳೆಗೆ ಮಾಪಕದಲ್ಲಿ ಅಂಕಿ ಏರುವುದಿಲ್ಲ, ಕಪಾಟಿನಲ್ಲಿ ಬೂಷ್ಟು ಏರುತ್ತದೆ.

ಬಟ್ಟೆಯ ವಿಷಯಕ್ಕೇ ಬರುತ್ತೇನೆ. ನಮ್ಮಂಥ ಮನೆಗಳಲ್ಲಿ ಜುಲೈ ತಿಂಗಳಲ್ಲಿ ಹಗ್ಗವಿಲ್ಲದ ಕೋಣೆ ಇರುವುದಿಲ್ಲ. ಕಿಟಕಿಯ ಸರಳಿನಿಂದ ಫ್ಯಾನಿನ ಕೊಕ್ಕೆಗೆ, ಅಲ್ಲಿಂದ ಕಪಾಟಿನ ಹಿಡಿಕೆಗೆ ಹಗ್ಗ. ನಡುವೆ ತಲೆ ತಗ್ಗಿಸಿ ಓಡಾಟ. ಮಕ್ಕಳ ಯೂನಿಫಾರ್ಮಿಗೆ ಫ್ರಿಜ್ಜಿನ ಹಿಂದಿನ ಜಾಗ ಮೀಸಲು, ಅಲ್ಲಿ ಒಂದಿಷ್ಟು ಬಿಸಿ ಇರುತ್ತದೆ. ಸಾಕ್ಸನ್ನು ಬೆಳಿಗ್ಗೆ ಇಸ್ತ್ರಿಪೆಟ್ಟಿಗೆಯಿಂದ ಒತ್ತಿ ಒಣಗಿಸಬೇಕು. ಟರ್ಕಿ ಟವೆಲ್ಲು ಮೂರನೇ ದಿನವೂ ಹಸಿ, ನಾಲ್ಕನೇ ದಿನ ಮುಗ್ಗಲು ವಾಸನೆ. ವಾಸನೆ ಬಂತೆಂದು ಮತ್ತೆ ಒಗೆಯಬೇಕು, ಅಲ್ಲಿಗೆ ಕೆಲಸ ಮೊದಲಿಗೆ ಬಂತು. ನೆಂಟರು ಬಂದರೆ ಮೊದಲು ಆಗುವ ಕೆಲಸ ಸೋಫಾದ ಮೇಲಿನ ಒಳಉಡುಪು ಎತ್ತುವುದು. ವಾಷಿಂಗ್ ಮೆಷಿನ್ನಿನಲ್ಲಿ ಹಿಂಡಿದ ಮೇಲೂ ಐದು ಕೆಜಿ ಬಟ್ಟೆಯಲ್ಲಿ ಎರಡು ಲೀಟರಿಗಿಂತ ಹೆಚ್ಚು ನೀರು ಉಳಿದಿರುತ್ತದೆ. ಬಟ್ಟೆ ಒಣಗಿತು ಅಂದರೆ ಅಷ್ಟೂ ನೀರು ಮನೆಯ ಗಾಳಿಗೆ ಸೇರಿತು ಎಂದೇ ಅರ್ಥ. ಎರಚಲಿಗೆ ಹೆದರಿ ಕಿಟಕಿ ಮುಚ್ಚಿರುತ್ತೇವೆ. ಆ ನೀರು ಎಲ್ಲಿಗೆ ಹೋಗಬೇಕು? ಗೋಡೆಗೆ, ಹಾಸಿಗೆಗೆ, ಬೀರುವಿನಲ್ಲಿ ಮಡಿಸಿಟ್ಟ ರೇಷ್ಮೆ ಸೀರೆಗೆ ಹೋಗುತ್ತದೆ. ಗೌರಿ ಹಬ್ಬಕ್ಕೆಂದು ತೆಗೆದಾಗ ಸೆರಗಿನ ಮಡಿಕೆಯುದ್ದಕ್ಕೂ ಬಿಳಿ ಚುಕ್ಕೆ ಎದ್ದಿರುವುದನ್ನು ನೋಡಿದ ಹೆಂಗಸರನ್ನು ಕೇಳಿ, ಹೇಳುತ್ತಾರೆ.

ಅಡುಗೆ ಮನೆಯದು ಇನ್ನೊಂದು ಕಥೆ. ಗಾಳಿಯ ತೇವ ನೂರಕ್ಕೆ 75 ದಾಟಿತು ಅಂದರೆ ಉಪ್ಪು ತಾನಾಗಿ ನೀರು ಎಳೆದುಕೊಂಡು ಕರಗತೊಡಗುತ್ತದೆ. ಚಕ್ಕುಲಿ ಮಧ್ಯಾಹ್ನಕ್ಕೆ ಗರಿಗರಿ, ಸಂಜೆಗೆ ಬಗ್ಗುತ್ತದೆ. ಬೆಂಕಿಕಡ್ಡಿ ಗೀರಿದರೆ ಮದ್ದು ಕಿತ್ತು ಬರುತ್ತದೆ, ಹತ್ತುವುದಿಲ್ಲ. ನಾವು ಟಿವಿಯಲ್ಲಿ ಕ್ರಿಕೆಟ್ ನೋಡುವಾಗ ಬಿಸಿಲಷ್ಟೇ ಕಾಣುವ ಕೆರಿಬಿಯನ್ ದ್ವೀಪಗಳಲ್ಲೂ ಗೃಹಿಣಿಯರು ಉಪ್ಪಿನ ಡಬ್ಬಿಗೆ ನಾಲ್ಕು ಕಾಳು ಅಕ್ಕಿ ಹಾಕಿಡುತ್ತಾರೆ, ನಮ್ಮ ಹಾಗೆಯೇ. ಆದರೆ ಅಲ್ಲಿನ ಹಳೇ ಮನೆಗಳನ್ನು ನೋಡಿ. ಟ್ರಿನಿಡಾಡ್, ಜಮೈಕಾಗಳಲ್ಲಿ ಕಡಿದಾದ ಇಳಿಜಾರು ಸೂರು, ಅಗಲವಾದ ವರಾಂಡ, ಕಿಟಕಿಗೆ ಓರೆಯಾಗಿ ಜೋಡಿಸಿದ ಮರದ ಪಟ್ಟಿಗಳು. ಗಾಳಿ ಒಳಗೆ ಬರುತ್ತದೆ, ಮಳೆಹನಿ ಹೊರಗೇ ಉಳಿಯುತ್ತದೆ. ಸಮುದ್ರದ ನಡುವೆ ಬದುಕುವವರು ತೇವವನ್ನು ಗೆಲ್ಲಲು ಹೋಗಲಿಲ್ಲ, ಅದು ಹೊರಗೆ ಹೋಗಲು ದಾರಿ ಮಾಡಿಕೊಟ್ಟರು.

ನೀವು ಮುಚ್ಚಿದ್ದು ಆ ದಾರಿಯನ್ನೇ. ಒಂದು ಕೆಜಿ ಅಡುಗೆ ಗ್ಯಾಸು ಉರಿದರೆ ಒಂದೂವರೆ ಕೆಜಿಗಿಂತ ಹೆಚ್ಚು ನೀರಾವಿ ಹುಟ್ಟುತ್ತದೆ. 14.2 ಕೆಜಿಯ ಸಿಲಿಂಡರು ಖಾಲಿಯಾಗುವ ಹೊತ್ತಿಗೆ 20 ಲೀಟರಿಗೂ ಮೀರಿದ ನೀರು. ಇದು ಬರೀ ಗ್ಯಾಸಿನ ಲೆಕ್ಕ, ಅನ್ನ ಸಾರು ಕುದಿದ ಆವಿ ಬೇರೆ. ಓಪನ್ ಕಿಚನ್ ಎಂದು ಗೋಡೆ ತೆಗೆದಿರಿ, ಅಷ್ಟೂ ಆವಿ ನೇರ ಹಾಲಿಗೆ ಬಂದು ಫೋಟೋದ ಗಾಜಿನ ಒಳಗೆ ಕೂತಿದೆ. ಹಳೇ ಮನೆಗಳಲ್ಲಿ ಒಲೆಯ ಮೇಲೆ ಅಟ್ಟವಿತ್ತು. ಅದೇ ಬೆಂಕಿಯ ಬಿಸಿಗೆ ಅಡಿಕೆ, ಹಪ್ಪಳ, ಬೀಜದ ಕಾಳು, ಕಂಬಳಿ ಎಲ್ಲ ಮಳೆಗಾಲವಿಡೀ ಬೆಚ್ಚಗಿರುತ್ತಿದ್ದವು. ಬಾಣಂತಿ ಇರುವ ಮನೆಯಲ್ಲಿ ಅಗ್ಗಿಷ್ಟಿಕೆಯ ಮೇಲೆ ಬಿದಿರು ಬುಟ್ಟಿ ಬೋರಲು ಹಾಕಿ ಕೂಸಿನ ಬಟ್ಟೆ ಹರಡುತ್ತಿದ್ದರು.

ಈಗ ನಿಮ್ಮ ಸ್ಲೈಡಿಂಗ್ ಕಿಟಕಿ. ಇದನ್ನು ನೀವೇ ಒಂದು ರಾತ್ರಿ ಕೂತು ನೋಡಬೇಕು. ಪಡುವಣ ಗಾಳಿಗೆ ಎರಚಲು ನೇರವಾಗಿ ಗಾಜಿಗೆ ಹೊಡೆಯುತ್ತದೆ. ನೀರು ಇಳಿದು ಕೆಳಗಿನ ಹಳಿಯಲ್ಲಿ ನಿಲ್ಲುತ್ತದೆ. ಹೊರಗೆ ಹೋಗಲೆಂದು ಹಳಿಗೆ ಸಣ್ಣ ತೂತು ಕೊಟ್ಟಿರುತ್ತಾರೆ, ಜೂನ್ ಬರುವುದರೊಳಗೆ ಅದರಲ್ಲಿ ಧೂಳೂ ಇರುವೆಯ ಮಣ್ಣೂ ತುಂಬಿ ಗಟ್ಟಿಯಾಗಿರುತ್ತದೆ. ಹಳಿ ತುಂಬಿದ ಮೇಲೆ ನೀರು ಒಳಗಿನ ಅಂಚು ದಾಟಿ ಗ್ರಾನೈಟ್ ಮೇಲೆ ಹರಿದು, ಗೋಡೆಯ ಪುಟ್ಟಿಯನ್ನು ಹಪ್ಪಳದಂತೆ ಉಬ್ಬಿಸಿ, ಮಂಚದ ಕಾಲಿನ ತನಕ ಬರುತ್ತದೆ. ಹಳೇ ಪಂಚೆಯ ತುಂಡನ್ನು ಹಳಿಗೆ ಒತ್ತಿಟ್ಟು, ಅದು ನೀರು ಕುಡಿದ ಮೇಲೆ ಬಕೆಟ್ಟಿಗೆ ಹಿಂಡಿ, ಮತ್ತೆ ಒತ್ತಿಡಬೇಕು. ಪೊರಕೆಕಡ್ಡಿಯಲ್ಲಿ ತೂತು ಚುಚ್ಚಿದರೆ ಸ್ವಲ್ಪ ಹೊತ್ತು ಬಿಡುತ್ತದೆ, ಆಮೇಲೆ ಕಟ್ಟಿಕೊಳ್ಳುತ್ತದೆ. ಇಷ್ಟಕ್ಕೂ ಬೇಕಿದ್ದುದು ಕಿಟಕಿಯ ಮೇಲೆ ಮೂರು ಅಡಿ ಚಾಚಿದ ಒಂದು ಸಜ್ಜಾ. ಎಲಿವೇಷನ್ ಚಂದ ಕಾಣುವುದಿಲ್ಲ ಎಂದು ಅದನ್ನು ಒಂದೂವರೆ ಅಡಿಗೆ ಇಳಿಸಿದಿರಿ, ಕೆಲವು ಮನೆಗಳಲ್ಲಿ ತೆಗೆದೇ ಹಾಕಿದಿರಿ. ರಸ್ತೆಯಲ್ಲಿ ಹೋಗುವವರು ಒಂದು ಕ್ಷಣ ನೋಡುವ ಚಂದಕ್ಕೆ ಒಳಗಿರುವವರು ಎಲ್ಲ ಮಳೆಗಾಲವೂ ರಾತ್ರಿ ಎದ್ದು ನೆಲ ಒರೆಸಬೇಕು.

ಬಾಗಿಲಿನ ಗೋಳು ಗೊತ್ತಿದ್ದದ್ದೇ. ಮರ ತೇವ ಕುಡಿದಾಗ ಅಗಲಕ್ಕೆ ಹಿಗ್ಗುತ್ತದೆ, ಉದ್ದಕ್ಕೆ ಹೆಚ್ಚು ಹಿಗ್ಗುವುದಿಲ್ಲ. ಆಷಾಢದಲ್ಲಿ ಬಾಗಿಲು ಕೂರುವುದಿಲ್ಲವೆಂದು ಬಡಗಿಯನ್ನು ಕರೆಸಿ ಕೀಸಿಸಿದರೆ ಶಿವರಾತ್ರಿಯ ಹೊತ್ತಿಗೆ ಸಂದಿಯಲ್ಲಿ ಹಲ್ಲಿ ಆರಾಮಾಗಿ ಓಡಾಡುತ್ತದೆ. ಹೊರಬಾಗಿಲಿನ ಮೇಲೆ ಮಳೆ ಬೀಳದಂತೆ ಒಂದು ಜಗಲಿ ಇದ್ದಿದ್ದರೆ ಈ ಕಷ್ಟ ಅರ್ಧಕ್ಕರ್ಧ ತಪ್ಪುತ್ತಿತ್ತು.

ನಿಮ್ಮ ಉತ್ತರ ನನಗೆ ಗೊತ್ತು. ಡ್ರೈಯರ್ ತಗೊಳ್ಳಿ, ಎಕ್ಸಾಸ್ಟ್ ಫ್ಯಾನ್ ಹಾಕಿಸಿ, ಗೀಸರ್ ಇದೆಯಲ್ಲ. ಅಂದರೆ ಮನೆ ಪೂರ್ತಿ ಕರೆಂಟನ್ನು ನಂಬಿ ನಿಂತಿದೆ. ಕರೆಂಟು ಹೋಗುವುದೂ ಅದೇ ಮಳೆಗೆ. ಗಾಳಿಗೆ ಕೊಂಬೆ ಮುರಿದು ತಂತಿಯ ಮೇಲೆ ಬಿದ್ದರೆ, ಟ್ರಾನ್ಸ್‌ಫಾರ್ಮರ್ ಸುಟ್ಟರೆ, ಸಂಜೆ ಹೋದದ್ದು ಮರುದಿನ ಬಂದರೂ ಪುಣ್ಯ. ಸುರಿಯುವ ಮಳೆಯಲ್ಲಿ ಕಂಬ ಹತ್ತುವ ಲೈನ್‌ಮನ್‌ಗಳನ್ನು ನಾನು ದೂರುವುದಿಲ್ಲ, ಅವರ ತಾಯಿ ಹೆಂಡಿರ ಎದೆ ಎಷ್ಟು ಹೊಡೆದುಕೊಳ್ಳುತ್ತದೋ. 1948ರಿಂದ ಜೋಗದಲ್ಲಿ, 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಕಟ್ಟಿದ ಮೇಲೆ ಶರಾವತಿಯ 1035 ಮೆಗಾವಾಟ್‌ನಲ್ಲಿ ನಾಡಿಗೆಲ್ಲ ಬೆಳಕು ಕೊಟ್ಟ ಜಿಲ್ಲೆ ಇದು. ಅದಕ್ಕಾಗಿ ಮನೆ ಮಠ ಮುಳುಗಿಸಿಕೊಂಡವರ ಮಕ್ಕಳು ಮೊಮ್ಮಕ್ಕಳು ಇಂದಿಗೂ ನಮ್ಮ ನಡುವೆ ಇದ್ದಾರೆ. ಅಂಥ ಜಿಲ್ಲೆಯಲ್ಲೂ ಮಳೆಗಾಲದ ರಾತ್ರಿಗೆ ಕರೆಂಟಿನ ಭರವಸೆ ಇಲ್ಲ ಎಂದಾದರೆ, ಕರೆಂಟಿಲ್ಲದೆಯೂ ಉಸಿರಾಡುವಂತೆ ಮನೆ ಕಟ್ಟಬೇಕಾದವರು ನೀವು. ಟಾರಸಿಯ ಮೇಲಿನ ಸೋಲಾರ್ ಕೂಡ ಮೋಡಕ್ಕೆ ಕೈ ಎತ್ತುತ್ತದೆ. ಬಚ್ಚಲೊಲೆಯನ್ನು ನೀವು ಪ್ಲಾನಿನಿಂದ ಯಾವತ್ತೋ ತೆಗೆದಾಯಿತು.

ನಿಮ್ಮ ಪ್ಲಾನಿಗೆ ಜನ ಆಗಲೇ ತಿದ್ದುಪಡಿ ಹಾಕಿಯಾಗಿದೆ, ತಲೆ ಎತ್ತಿ ನೋಡಿದರೆ ಕಾಣುತ್ತದೆ. ಶಿವಮೊಗ್ಗದಲ್ಲಿರಲಿ ಭದ್ರಾವತಿಯಲ್ಲಿರಲಿ, ಮನೆ ಕಟ್ಟಿ ಕೆಲವು ವರ್ಷವಾಗುವುದರಲ್ಲಿ ಟಾರಸಿ ಸೋರಲು ಶುರುವಾಗಿ, ಅದರ ಮೇಲೆ ಕಬ್ಬಿಣದ ಕಂಬ ನಿಲ್ಲಿಸಿ ಇಳಿಜಾರಾಗಿ ಶೀಟು ಹೊದಿಸುತ್ತಾರೆ. ಸಾಲ ಮಾಡಿ ಕಟ್ಟಿದ ಮನೆಗೆ ಮತ್ತೊಂದು ಸಾಲ. ಆ ಶೀಟಿನ ಕೆಳಗೆ ಬಟ್ಟೆ ಒಣಗುತ್ತದೆ, ಹೌದು. ಆದರೆ ಒದ್ದೆ ಬಕೆಟ್ ಹಿಡಿದು ಪಾಚಿ ಕಟ್ಟಿದ ಹೊರಮೆಟ್ಟಿಲು ಹತ್ತಬೇಕು. ಮಂಡಿನೋವಿನ ಅತ್ತೆಯರು, ಬಸುರಿ ಸೊಸೆಯರು ಹತ್ತುತ್ತಿದ್ದಾರೆ. ಕೊನೆಗೂ ಕಟ್ಟಬೇಕಾದದ್ದು ಇಳಿಜಾರು ಸೂರೇ ಆದರೆ ಮೊದಲೇ ಯಾಕೆ ಬರೆಯಲಿಲ್ಲ?

ಕುವೆಂಪು ಅವರ ಹೆಸರು ಹೊತ್ತ ನಿಲ್ದಾಣದ ಪಕ್ಕ ಮನೆ ಕಟ್ಟುತ್ತೀರಿ. ತೀರ್ಥಹಳ್ಳಿ ತಾಲೂಕಿನ ಕುಪ್ಪಳಿಗೆ ಹೋಗಿ ಅವರ ಮನೆಯನ್ನೂ ಒಮ್ಮೆ ಮಳೆಗಾಲದಲ್ಲೇ ನೋಡಿ ಬನ್ನಿ. ಈಗ ಅದು ಎಲ್ಲರೂ ನೋಡಬಹುದಾದ ಕವಿಮನೆ. ಹೆಂಚಿನ ಇಳಿಜಾರು ಮಾಡು, ಜಗಲಿ, ನಡುವಿನ ತೊಟ್ಟಿ. ನೀರು ಬೀಳಬೇಕಾದಲ್ಲಿ ಬೀಳುತ್ತದೆ, ಮನುಷ್ಯರು ಇರುವಲ್ಲಿ ಬೀಳುವುದಿಲ್ಲ. ಅಂಥದೇ ಮನೆ ಕಟ್ಟಿ ಎಂದು ನಾನು ಕೇಳುತ್ತಿಲ್ಲ. ಹಳೇ ಅಡುಗೆ ಮನೆಗಳ ಕತ್ತಲಲ್ಲಿ ಹೊಗೆ ಕುಡಿದು ಕೆಮ್ಮಿದವರೂ ಹೆಂಗಸರೇ. ಆ ಹೊಗೆ ನಮಗೆ ಬೇಡ. ಮೂವತ್ತು ನಲವತ್ತರ ಸೈಟಿನಲ್ಲಿ ತೊಟ್ಟಿ ಹಿಡಿಸುವುದಿಲ್ಲ ಎಂಬುದೂ ನನಗೆ ತಿಳಿಯುತ್ತದೆ. ಹಿಡಿಸುವಷ್ಟನ್ನು ಕೇಳುತ್ತೇನೆ.

ಹಿಂದುಗಡೆ ಅಡುಗೆ ಮನೆಗೆ ಹೊಂದಿಕೊಂಡು ಆರಡಿ ಅಗಲದ ಹಿತ್ತಲ ಕಟ್ಟೆ ಬಿಡಿ. ಮೇಲೆ ಸೂರು, ಪಕ್ಕಕ್ಕೆ ಇಟ್ಟಿಗೆಯ ಜಾಲರಿ ಸಾಕು. ಒಗೆಯುವ ಕಲ್ಲು, ಮೆಷಿನ್ನು, ಹಗ್ಗ ಎಲ್ಲ ಅಲ್ಲಿಯೇ. ಹಾಲಿನಿಂದ ಎರಡಡಿ ಕಡಿಮೆ ಮಾಡಿದರೆ ಇದಕ್ಕೆ ಜಾಗ ಸಿಗುತ್ತದೆ, ಸೋಫಾ ಏನೂ ಅಳುವುದಿಲ್ಲ. ಪಡುವಣ ಗೋಡೆಗೆ ದೊಡ್ಡ ಗಾಜು ಬೇಡ. ಹಿಂದೆಲ್ಲ ಮುಂಗಾರಿಗೆ ಮುಂಚೆ ಆ ಮಗ್ಗುಲಿಗೆ ಅಡಿಕೆ ಸೋಗೆಯ ತಟ್ಟಿ ಕಟ್ಟುತ್ತಿದ್ದರು, ಮಳೆ ಯಾವ ಕಡೆಯಿಂದ ಬರುತ್ತದೆ ಎಂಬುದು ಓದುಬರಹ ಇಲ್ಲದವರಿಗೂ ಗೊತ್ತಿತ್ತು. ಕಿಟಕಿ ಮುಚ್ಚಿದಾಗಲೂ ಗಾಳಿ ಆಡುವಂತೆ ಮೇಲ್ಗಡೆ ವೆಂಟಿಲೇಟರ್ ಇಡಿ, ಅದು ಹಳೇ ಫ್ಯಾಷನ್ ಎಂದು ಬಿಡಬೇಡಿ. ಒಳಗಿನ ಒಂದೆರಡು ಗೋಡೆಗಾದರೂ ಸುಣ್ಣ ಬಳಿಸಿ, ಸುಣ್ಣದ ಖಾರಕ್ಕೆ ಬೂಷ್ಟು ಬೇಗ ಹತ್ತುವುದಿಲ್ಲ. ಸಜ್ಜಾ ಮೂರಡಿ ಇರಲಿ, ಅದರ ಅಂಚಿನ ಅಡಿಗೆ ಒಂದು ಸಣ್ಣ ಗೀರು ಕೊಡಿ, ನೀರು ಗೋಡೆಗೆ ಹರಿಯದೆ ಅಲ್ಲೇ ತೊಟ್ಟಿಕ್ಕುತ್ತದೆ. ಇವಕ್ಕೆ ತಗಲುವ ಖರ್ಚು ಮುಂದೆ ಹಾಕಿಸುವ ಶೀಟಿನ ಖರ್ಚಿಗಿಂತ ಹೆಚ್ಚೇನೂ ಆಗದು.

ಇನ್ನೊಂದು ಮಾತು. ಪ್ಲಾನ್ ಚರ್ಚೆಗೆ ನಿಮ್ಮ ಆಫೀಸಿಗೆ ಬರುವವರು ಸಾಮಾನ್ಯವಾಗಿ ಯಜಮಾನರು. ಅವರು ಪಾರ್ಕಿಂಗ್ ಕೇಳುತ್ತಾರೆ, ವಾಸ್ತು ಕೇಳುತ್ತಾರೆ, ಚದರಕ್ಕೆ ಎಷ್ಟು ಎಂದು ಕೇಳುತ್ತಾರೆ. ಆ ಮನೆಯಲ್ಲಿ ಬಟ್ಟೆ ಒಗೆಯುವವರನ್ನು, ಅಡುಗೆ ಮಾಡುವವರನ್ನು ಕೂರಿಸಿಕೊಂಡು ಒಂದು ಗಂಟೆ ಮಾತಾಡಿ. ಮನೆಗೆಲಸಕ್ಕೆ ಬರುವ ಹೆಂಗಸನ್ನೂ ಕೇಳಿ, ಹತ್ತು ಮನೆಯ ಒಳಗು ಅವಳಿಗೆ ಗೊತ್ತಿರುತ್ತದೆ. ನಮ್ಮ ಹಿಂದಿನ ಸಾಲಿನಲ್ಲಿ ದೀಪಾವಳಿ ಕಳೆದ ಮೇಲೆ ಎರಡು ಮನೆಗೆ ಪಾಯ ತೆಗೆಯುತ್ತಾರಂತೆ. ಅವುಗಳ ಪ್ಲಾನು ಈಗ ನಿಮ್ಮಲ್ಲೇ ಯಾರದೋ ಮೇಜಿನ ಮೇಲಿದೆ. ತಿದ್ದಲು ಇನ್ನೂ ಸಮಯವಿದೆ, ದಯವಿಟ್ಟು ತಿದ್ದಿ.

ಇತಿ,
ಸೋಗಾನೆಯ ಒಬ್ಬ ಗೃಹಿಣಿ