ಸೆಕೆಗಾಲದ ರೇಷ್ಮೆ

ಬೆಂಗಳೂರಿಗೆ ತನ್ನದೆಂಬ ಬೇಸಿಗೆ ಉಡುಪಿಲ್ಲ. ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದ ಈ ಊರು ತಲೆಮಾರುಗಳ ಕಾಲ ಫ್ಯಾನಿಲ್ಲದ ಮನೆಗಳಲ್ಲಿ ಸ್ವೆಟರ್ ಹಾಕಿಕೊಂಡು ಬದುಕಿತು. ಮಫ್ಲರ್ ಸುತ್ತಿ ಮಂಕಿ ಟೋಪಿ ಇಳಿಬಿಟ್ಟ ಹಿರಿಯರು ಬೆಳಗಿನ ಲಾಲ್‌ಬಾಗಿನಲ್ಲಿ ಈಗಲೂ ಸಿಗುತ್ತಾರೆ. 2016ರ ಏಪ್ರಿಲ್‌ನಲ್ಲಿ ಪಾದರಸ 39.2 ಡಿಗ್ರಿ ಸೆಲ್ಸಿಯಸ್‌ಗೆ ಏರಿದಾಗ ಊರಿನ ಬೀರುಗಳಲ್ಲಿ ಅದಕ್ಕೆ ತಕ್ಕ ಬಟ್ಟೆಯೇ ಇರಲಿಲ್ಲ. ಕಲಬುರಗಿಯವರಿಗೆ ಧೋತರ ಉಂಟು, ನೆತ್ತಿಗೆ ರುಮಾಲುಂಟು. ಮಂಗಳೂರಿನವರ ಹೆಗಲ ಮೇಲೆ ಬೈರಾಸು ಸದಾ ಸಿದ್ಧ. ಬೆಂಗಳೂರಿನವರ ಬಳಿ ಇರುವುದು "ಮೊದಲು ಹೀಗಿರಲಿಲ್ಲ" ಎಂಬ ಮಾತೊಂದೇ.

ಹೀಗಿದ್ದೂ ಊರಿನಲ್ಲಿ ಬಟ್ಟೆಯ ಸಡಗರ ಅತಿ ಹೆಚ್ಚಾಗುವುದು ಈ ಕಾಲದಲ್ಲೇ. ಇದಕ್ಕೆ ಹೊಣೆ ಪಂಚಾಂಗ. ಮಕ್ಕಳಿಗೆ ರಜೆ, ವೈಶಾಖ ಜ್ಯೇಷ್ಠಗಳಲ್ಲಿ ಸಾಲುಸಾಲು ಮುಹೂರ್ತ, ಮುಂದೆ ಆಷಾಢದ ತಡೆ. ಆದ್ದರಿಂದ ವರ್ಷದ ಅತಿ ಬಿಸಿಯ ದಿನಗಳಲ್ಲೇ ವರ್ಷದ ಅತಿ ಭಾರದ ಬಟ್ಟೆ ಮೈಗೇರುತ್ತದೆ. ರೇಷ್ಮೆಯನ್ನೇ ದೂರುವುದು ಸರಿಯಲ್ಲ. 1912ರಲ್ಲಿ ಸ್ವಿಟ್ಜರ್ಲೆಂಡಿನ ಮಗ್ಗಗಳೊಂದಿಗೆ ಆರಂಭವಾದ ಮೈಸೂರಿನ ಕಾರ್ಖಾನೆಯ ಕ್ರೇಪ್ ಸೀರೆ ಹಗುರ, ಮೈಗೆ ಒಗ್ಗಿ ನಿಲ್ಲುತ್ತದೆ. ಅದರ ಜರಿಯಲ್ಲಿ ಶೇ 65 ಬೆಳ್ಳಿ, ಶೇ 0.65 ಚಿನ್ನ ಇದೆ ಎಂದು ಅದನ್ನು ನೇಯುವ ಸರ್ಕಾರಿ ನಿಗಮ ಹೇಳುತ್ತದೆ. ಸಂಕಟ ಇರುವುದು ಸೀರೆಯ ಒಳಗೆ: ಲೈನಿಂಗ್ ಕೊಟ್ಟ ಬ್ಲೌಸು, ಬಿಗಿದ ಲಂಗ, ಅಂಚಿಗೆ ಫಾಲ್ಸು. ಇವುಗಳ ಮೇಲೆ ಹೋಮದ ಹೊಗೆ, ವಿಡಿಯೋದವರ ದೀಪ. ಗಂಡಸರು ಪಂಚೆಯಿಂದಾಗಿ ಪಾರಾದರು ಎಂದುಕೊಳ್ಳುವಷ್ಟರಲ್ಲಿ ಆರತಕ್ಷತೆ ಬರುತ್ತದೆ. ಮೇ ತಿಂಗಳ ಸಂಜೆ ಬನಶಂಕರಿಯ ಛತ್ರವೊಂದರಲ್ಲಿ ತ್ರೀ ಪೀಸ್ ಸೂಟು ತೊಟ್ಟು ಎರಡು ತಾಸು ನಿಂತು ಕೈಕುಲುಕುವ ವರ ಯಾವ ದೇಶದ ಚಳಿಗೆ ಅಂಜಿದ್ದಾನೆಂದು ಯಾರೂ ಕೇಳುವುದಿಲ್ಲ.

ಈ ಋತುವಿನ ನಿಜವಾದ ವಿನ್ಯಾಸಕ ಬಡಾವಣೆಯ ಲೇಡೀಸ್ ಟೈಲರ್. ಅಂಗಡಿ ಹತ್ತಡಿ ಅಗಲ. ಗೋಡೆಯ ಮೇಲೆ ಬೆನ್ನು ತೋರಿಸಿ ನಿಂತ ಸುಂದರಿಯರ ಚಿತ್ರಪಟ, ಯಾಕೆಂದರೆ ಬ್ಲೌಸಿನ ಕಲೆಯೆಲ್ಲ ಬೆನ್ನಿನಲ್ಲಿದೆ. ಬೋಟ್ ನೆಕ್, ಪ್ರಿನ್ಸೆಸ್ ಕಟ್, ಕಟೋರಿ, ತೋಳಿಗೆ ಆರಿ ವರ್ಕ್ ಎಂದು ಗಿರಾಕಿ ಫೋನಿನಲ್ಲಿ ಏಳು ಚಿತ್ರ ತೋರಿಸುತ್ತಾರೆ. ಮಾಸ್ಟರ್ ಎಲ್ಲವನ್ನೂ ಗೌರವದಿಂದ ನೋಡಿ, "ಅಳತೆ ಬ್ಲೌಸ್ ತಂದಿದೀರಾ ಅಕ್ಕಾ?" ಎನ್ನುತ್ತಾರೆ. ಅಳತೆ ಬ್ಲೌಸು ಸಾಮಾನ್ಯವಾಗಿ ಐದಾರು ವರ್ಷ ಹಳೆಯದು. ಅದರೊಳಗಿನ ಅಳತೆಯೂ ಅಷ್ಟೇ ಹಳೆಯದು. "ಒಂಚೂರು ಲೂಸ್ ಇಡಿ" ಎಂಬ ಮೂರು ಪದಗಳಲ್ಲಿ ಆ ಐದಾರು ವರ್ಷಗಳ ಚರಿತ್ರೆಯನ್ನು ಹೇಳಿ ಮುಗಿಸುವುದು ರೂಢಿ. ಕೊಡುವ ದಿನದ ಮಾತುಕತೆಗೂ ಗೊತ್ತಾದ ಕ್ರಮವಿದೆ.

"ಬುಧವಾರ ಗ್ಯಾರಂಟಿ ಅಕ್ಕಾ."

"ಶುಕ್ರವಾರ ಮದುವೆ, ಮಾಸ್ಟರ್!"

"ಹಂಗಾದ್ರೆ ಗುರುವಾರ ಸಂಜೆ ಬನ್ನಿ."

ಗುರುವಾರ ಸಂಜೆ ಹೋದರೆ ಬ್ಲೌಸಿಗೆ ಹುಕ್ಕು ಆಗಿರುವುದಿಲ್ಲ. ಹುಕ್ಕು ಹಾಕುವ ಹುಡುಗ ಊರಿಗೆ ಹೋಗಿರುತ್ತಾನೆ. ಅವನ ಮನೆಯಲ್ಲೂ ಮದುವೆ. ಸೆರಗಿಗೆ ಕುಚ್ಚು ಕಟ್ಟುವವರು ಬೇರೆ ಬೀದಿಯಲ್ಲಿದ್ದಾರೆ. ಅವರ ಬೇಬಿ ಕುಚ್ಚು, ಮಣಿ ಕುಚ್ಚು, ಕ್ರೋಶಾ ಕುಚ್ಚುಗಳ ದರಪಟ್ಟಿಯನ್ನು ಓದುವಾಗ ಸೀರೆಯೇ ಅಗ್ಗವಾಗಿತ್ತೆಂದು ತೋರುತ್ತದೆ.

ಪತ್ರಿಕೆಯ ಬಣ್ಣದ ಪುಟಕ್ಕೆ ಬರುವ ವಿನ್ಯಾಸಕರೂ ಊರಿನಲ್ಲಿ ಕಡಿಮೆಯಿಲ್ಲ. ಊರಿನ ಹುಡುಗ ಹುಡುಗಿಯರಿಗೆ ರ‍್ಯಾಂಪಿನ ನಡಿಗೆ ಕಲಿಸಿದವರಲ್ಲಿ ಪ್ರಸಾದ್ ಬಿದಪ್ಪ ಮುಖ್ಯರು. ದೀಪಿಕಾ ಗೋವಿಂದ್ ಕೈಮಗ್ಗದ ಬಟ್ಟೆಯನ್ನು ಹೊಸ ಉಡುಪಾಗಿಸಿದರು. 1997ರಲ್ಲಿ ಬಂದ ನಿಫ್ಟ್ ಸಂಸ್ಥೆಯಿಂದ ವರ್ಷವರ್ಷವೂ ಹೊಸಬರು ಹೊರಬರುತ್ತಾರೆ. ಇವರೆಲ್ಲರ ಕಸುಬಿನಲ್ಲಿ ವರ್ಷಕ್ಕೆ ಎರಡೇ ಋತು: ವಸಂತ–ಗ್ರೀಷ್ಮ ಒಂದು, ಶರತ್–ಶಿಶಿರ ಇನ್ನೊಂದು. ಯುರೋಪಿನಿಂದ ಬಂದ ಈ ಲೆಕ್ಕದಲ್ಲಿ ಮಳೆಗಾಲಕ್ಕೆ ಜಾಗವೇ ಇಲ್ಲ. ಬೆಂಗಳೂರಿನಲ್ಲಿ ಏಪ್ರಿಲ್ ಸಂಜೆಯ ಆಲಿಕಲ್ಲು ಮಳೆ ಈ ವಿಭಜನೆಯನ್ನು ಆಗಾಗ ತಿದ್ದುತ್ತದೆ.

ಸೆಕೆಗೂ ಸಡಗರಕ್ಕೂ ರಾಜಿ ಮಾಡಿಸಿದ ವಿನ್ಯಾಸ ಬೇರೆ ಕಡೆ ಹಿಂದೆಯೇ ಹುಟ್ಟಿತ್ತು. ಬಾಗಲಕೋಟೆ ಜಿಲ್ಲೆಯ ಇಳಕಲ್ಲು ಬಿಸಿಲಿನ ಊರು. ಅಲ್ಲಿನ ನೇಕಾರರು ಸೀರೆಯ ಒಡಲಿಗೆ ಹತ್ತಿಯ ಹಾಸು, ಸೆರಗಿಗೆ ರೇಷ್ಮೆಯ ಹಾಸು ಇಟ್ಟು, ಎರಡನ್ನೂ ಕೊಂಡಿ ಹಾಕಿ ಮಗ್ಗದಲ್ಲೇ ಕೂಡಿಸಿದರು. ಮೈಗೆ ತಾಗುವುದು ಹತ್ತಿ, ನೆಂಟರಿಗೆ ಕಾಣುವುದು ರೇಷ್ಮೆ! ಬಟ್ಟೆಯ ವಿಷಯದಲ್ಲಿ ಇದಕ್ಕಿಂತ ಜಾಣತನದ ಆಲೋಚನೆ ಕನ್ನಡನಾಡಿನಲ್ಲಿ ಹುಟ್ಟಿಲ್ಲ. ಅದರ ಜೊತೆಗಿನ ಗುಳೇದಗುಡ್ಡದ ಖಣ ಈಗ ಬೆಂಗಳೂರಿನ ಬುಟೀಕುಗಳಲ್ಲಿ ಬ್ಲೌಸು, ಚೀಲ, ಕಿವಿಯೋಲೆಯಾಗಿ ಅವತರಿಸಿದೆ. ಅದರ ಬೆಲೆಚೀಟಿಯನ್ನು ಗುಳೇದಗುಡ್ಡದ ಅಜ್ಜಿಯರಿಗೆ ತೋರಿಸದಿರುವುದು ಕ್ಷೇಮ. ಮರೆಯಾಗುತ್ತಿದ್ದ ಚೌಕಳಿಯ ಹತ್ತಿ ಸೀರೆ ಪಟ್ಟೇದ ಅಂಚನ್ನು ಹೇಮಲತಾ ಜೈನ್ ಮತ್ತೆ ಮಗ್ಗಕ್ಕೆ ತಂದರು. ರಂಗಕರ್ಮಿ ಪ್ರಸನ್ನರು ಹೆಗ್ಗೋಡಿನ ಬಳಿ ಕಟ್ಟಿದ ಚರಕ ಸಂಸ್ಥೆಯ ಮಹಿಳೆಯರು ಅಡಿಕೆಯ ಚೊಗರಿನಂಥ ಸಹಜ ಬಣ್ಣಗಳಲ್ಲಿ ಅದ್ದಿದ ಕೈಮಗ್ಗದ ಹತ್ತಿ ಬಟ್ಟೆ ಮಾಡುತ್ತಾರೆ. ಆ ಜುಬ್ಬ ಬೆಂಗಳೂರಿನಲ್ಲಿ ಸಾಹಿತ್ಯ ಗೋಷ್ಠಿಗಳ ಸಮವಸ್ತ್ರವಾಗಿರುವುದರಿಂದ, ಕವಿಗಳು ಮಾತ್ರ ಬೇಸಿಗೆಯನ್ನು ಸುಖವಾಗಿ ಕಳೆಯುತ್ತಾರೆ.

ಬೇಸಿಗೆಯ ಅಲಂಕಾರಗಳಲ್ಲಿ ಅತ್ಯಂತ ಸುಂದರವಾದದ್ದಕ್ಕೆ ದರ್ಜಿಯ ಅಗತ್ಯವಿರಲಿಲ್ಲ. ಮಲ್ಲಿಗೆ ಸೂರೆಯಾಗುವ ಕಾಲದಲ್ಲೇ ಶಾಲೆಗೆ ರಜೆ. ಹೀಗಾಗಿ ಮೊಗ್ಗಿನ ಜಡೆ. ಬೆಳಗ್ಗೆಯೇ ಹುಡುಗಿಯನ್ನು ಮಣೆಯ ಮೇಲೆ ಕೂರಿಸಿ, ಅತ್ತೆಯೋ ಪಕ್ಕದ ಮನೆಯಾಕೆಯೋ ಸಾಲುಸಾಲಾಗಿ ಮೊಗ್ಗು ಪೋಣಿಸಿ ಜಡೆಗೆ ಹೊಲಿಯುತ್ತಿದ್ದರು. ನಡುನಡುವೆ ಕನಕಾಂಬರ, ತುದಿಗೆ ಕುಚ್ಚು. ಮುಗಿಯುವ ಹೊತ್ತಿಗೆ ಹುಡುಗಿಯ ಕತ್ತು ಉಳುಕಿರುತ್ತಿತ್ತು. ಮೊಗ್ಗು ಬಿರಿಯುವುದರೊಳಗೆ ಸ್ಟುಡಿಯೋಗೆ ಓಡಬೇಕು. ಅಲ್ಲಿ ಹಿಂದೆ ಕನ್ನಡಿ ಇಟ್ಟು, ಮುಖವೂ ಜಡೆಯೂ ಒಟ್ಟಿಗೆ ಬರುವಂತೆ ತೆಗೆದ ಫೋಟೊ ಹಳೆಯ ಮೈಸೂರಿನ ಎಷ್ಟೋ ಮನೆಗಳ ಗೋಡೆಯ ಮೇಲಿದೆ. ಎಲ್ಲ ಫೋಟೊಗಳಲ್ಲೂ ಹುಡುಗಿ ಗಂಭೀರಳಾಗಿರುವುದಕ್ಕೆ ಕತ್ತು ನೋವೇ ಕಾರಣ. ಈಗ ಗಾಂಧಿ ಬಜಾರಿನಲ್ಲಿ ಕಟ್ಟಿಟ್ಟ ಜಡೆ ಸಿಗುತ್ತದೆ. ಪಿನ್ನು ಚುಚ್ಚಿದರೆ ಮುಗಿಯಿತು.

ಬೇಸಿಗೆಯ ಸಡಗರಗಳಲ್ಲಿ ಇನ್ನುಳಿದವು ಎರಡು. ಐಪಿಎಲ್ ದಿನಗಳಲ್ಲಿ ಚಿನ್ನಸ್ವಾಮಿ ಕ್ರೀಡಾಂಗಣದ ಸುತ್ತ ಫುಟ್‌ಪಾತಿನಲ್ಲಿ ಮಾರಾಟವಾಗುವ ಆರ್‌ಸಿಬಿಯ ಕೆಂಪು ಜೆರ್ಸಿ ಊರಿನ ಅತಿ ಜನಪ್ರಿಯ ಬೇಸಿಗೆ ಉಡುಪು. ಗಾಳಿಯಾಡದ ಪಾಲಿಯೆಸ್ಟರ್ ಆದರೂ ಅದರ ಬೆನ್ನಿನ 18ನೇ ನಂಬರು ಸೆಕೆಯನ್ನು ಮರೆಸುತ್ತದೆ. ಮತ್ತೊಂದು ಕುದುರೆ ರೇಸಿನ ಬೇಸಿಗೆ ಋತು. ಅದು ಮೇ ತಿಂಗಳಲ್ಲಿ ಶುರುವಾಗಿ, ಡರ್ಬಿ ಓಡುವಷ್ಟರಲ್ಲಿ ಜುಲೈ ಬಂದಿರುತ್ತದೆ. ಆ ದಿನ ಅಗಲ ಅಂಚಿನ ಟೋಪಿ ಧರಿಸಿ ಬರುವ ಹೆಂಗಸರು ಆಷಾಢದ ಗಾಳಿಗೆ ಒಂದು ಕೈಯನ್ನು ಟೋಪಿಗೇ ಮೀಸಲಿಡಬೇಕಾಗುತ್ತದೆ.

ಆಷಾಢ ಹಿಡಿದ ಮೇಲೆ ಊರು ತಂಪಾಗುತ್ತದೆ. ರೇಷ್ಮೆ ಉಡಲು ಹೇಳಿ ಮಾಡಿಸಿದ ಹವೆ, ಆದರೆ ಮದುವೆಗಳಿಲ್ಲ. ಚಿಕ್ಕಪೇಟೆಯಲ್ಲಿ ಆಷಾಢದ ರಿಯಾಯಿತಿ ಮಾರಾಟದ ಬೋರ್ಡು ಏರುತ್ತದೆ. ವೈಶಾಖದಲ್ಲಿ ಹೊಲಿಯಲು ಕೊಟ್ಟ ಬ್ಲೌಸನ್ನು ಹೋಗಿ ಬಿಡಿಸಿಕೊಂಡು ಬರಲು ಇದೇ ತಕ್ಕ ಸಮಯ; ಹುಕ್ಕು ಹಾಕುವ ಹುಡುಗ ಊರಿನಿಂದ ಬಂದಿದ್ದಾನೋ ಎಂದು ಫೋನ್ ಮಾಡಿ ಕೇಳಿಕೊಂಡು ಹೋಗಿ.