ಟ್ವೇನ್ ನಕ್ಕಲ್ಲೆಲ್ಲ ನಾನೂ ನಕ್ಕೆ

1867ರಲ್ಲಿ ಕ್ವೇಕರ್ ಸಿಟಿ ಎಂಬ ಹಡಗು ಅಮೆರಿಕದ ಯಾತ್ರಿಕರನ್ನು ಹೊತ್ತು ಹೊರಟಾಗ ಮಾರ್ಕ್ ಟ್ವೇನನೂ ಅದರಲ್ಲಿದ್ದ. ಪವಿತ್ರಭೂಮಿಯಲ್ಲಿ ಇವರು ಏನು ಉದ್ಗರಿಸುತ್ತಾರೆಂದು ನನಗೆ ಮೊದಲೇ ಗೊತ್ತು, ಅದನ್ನೆಲ್ಲ ಯಾವ ಪುಸ್ತಕಗಳಿಂದ ಕದಿಯುತ್ತಾರೋ ಅವು ನನ್ನ ಹತ್ತಿರವೂ ಇವೆ ಎಂದು ಅವನ ಗೇಲಿ. ಹೋದಲ್ಲೆಲ್ಲ ಕಣ್ಣೀರಿಡುವ ವಿಲಿಯಂ ಪ್ರೈಮ್ ಎಂಬ ಲೇಖಕನನ್ನಂತೂ ಹೆಸರು ತಿರುಚಿ ಗ್ರೈಮ್ಸ್ ಮಾಡಿ ಜಾಲಾಡಿದ. ಅವನನ್ನು ಅಣಕಿಸಲು ತಾನೂ ಆದಾಮನ ಸಮಾಧಿಯ ಮುಂದೆ ಗೊಳೋ ಎಂದು ಅತ್ತೆನೆಂದು ಬರೆದ.

ಇದನ್ನೆಲ್ಲ ಅರೆದು ಕುಡಿದೇ ನಾನು ಪ್ಯಾಕೇಜ್ ಟೂರಿನ ಬಸ್ಸು ಹತ್ತಿದ್ದು. ಜೊತೆಗಿದ್ದವರೆಲ್ಲ ಜಪಸರ ಹಿಡಿದ ಮಂಗಳೂರು ಕಡೆಯವರು. ಜೆರುಸಲೇಮಿನ ಪವಿತ್ರ ಸಮಾಧಿಯ ಇಗರ್ಜಿಯಲ್ಲಿ ಆದಾಮನ ಗುಡಿಯ ಮುಂದೆ ನಾನು ಕ್ರಮವಾಗಿ ನಕ್ಕೆ. ಪಕ್ಕದಲ್ಲಿ ಪ್ರಾರ್ಥಿಸುತ್ತಿದ್ದ ಹಿರಿಯರೊಬ್ಬರು, "ಎಂತಾಯ್ತು ಮಾಸ್ಟ್ರೇ, ಹುಷಾರುಂಟಲ್ಲ?" ಎಂದರು. ಟ್ವೇನನ ಜೋಕು ವಿವರಿಸಿದೆ. ಅವರು ಪೂರ್ತಿ ಕೇಳಿಸಿಕೊಂಡು, ಚೀಲದಿಂದ ಒಂದು ಪೆಪ್ಪರ್‌ಮಿಂಟ್ ತೆಗೆದುಕೊಟ್ಟರು.

ಚುರುಕಾಗಿ ನಡೆಯುವವನು ಜೆರುಸಲೇಮಿನ ಕೋಟೆಯನ್ನು ಒಂದು ಗಂಟೆಯಲ್ಲಿ ಸುತ್ತಬಹುದೆಂದು ಟ್ವೇನ್ ಬರೆದಿದ್ದಾನೆ. ಒಟ್ಟು ಗೋಡೆ ಸುಮಾರು 4 ಕಿಲೋಮೀಟರ್. ಕುಕ್ಕರಹಳ್ಳಿ ಕೆರೆ ಸುತ್ತುವ ನನಗೆ ಅದೇನು ಮಹಾ ಎಂದು ಹೊರಟೆ. ಕೆರೆ ಏರಿ ಸಮತಟ್ಟು. ಇಲ್ಲಿ ಕಿದ್ರೋನ್ ಕಣಿವೆಯ ಏರಿಗೆ ಮಂಡಿ ಮುಷ್ಕರ ಹೂಡಿತು. ಟ್ಯಾಕ್ಸಿ ನಿಲ್ಲಿಸಿ ಅರ್ಧ ಬೆಲೆಗೆ ಕೇಳಿದೆ. ಗಲಿಲಿಯಲ್ಲಿ ಟ್ವೇನನ ತಂಡವೂ ದೋಣಿಯವರು ಕೇಳಿದ 8 ಡಾಲರಿಗೆ ಅರ್ಧ ಎಂದಿತ್ತು. ದೋಣಿ ಹೊರಟೇಹೋಯಿತು, ಆಮೇಲೆ ಪೂರ್ತಿ ಕೊಡುತ್ತೇವೆಂದು ಕೂಗಿಕೊಂಡರೂ ತಿರುಗಲಿಲ್ಲ. ನಾನೂ ಟ್ಯಾಕ್ಸಿಯ ಹಿಂದೆ ಅಷ್ಟೇ ಜೋರಾಗಿ ಕೂಗಿದೆ.

ಮೃತ ಸಮುದ್ರದಲ್ಲಿ ಮಾತ್ರ ಟ್ವೇನನನ್ನು ಮೀರಿಸಬೇಕೆಂದುಕೊಂಡೆ. ಅವನ ಪುಸ್ತಕವನ್ನೇ ಓದುತ್ತ ತೇಲುವ ಫೋಟೊ ತೆಗೆಸಬೇಕಿತ್ತು. ಅದಕ್ಕೆಂದೇ ಬೆಳಿಗ್ಗೆ ನುಣ್ಣಗೆ ಗಡ್ಡ ಹೆರೆದಿದ್ದೆ. ಆ ನೀರಿನಲ್ಲಿ ಸಾಮಾನ್ಯ ಕಡಲಿನ ಸುಮಾರು ಹತ್ತರಷ್ಟು ಉಪ್ಪು. ಬೆನ್ನ ಮೇಲೆ ಮಲಗಿದರೆ ಸಲೀಸು. ಕುದುರೆಗೆ ಅಲ್ಲಿ ಈಜಲೂ ಆಗದು, ನಿಲ್ಲಲೂ ಆಗದು ಎಂದು ಟ್ವೇನ್ ಬರೆದದ್ದಕ್ಕೆ ಮನೆಯಲ್ಲಿ ಕೂತು ಬಹಳ ನಕ್ಕಿದ್ದೆ. ಪುಟ ತಿರುಗಿಸಲು ಹೋಗಿ ನಾನೇ ಬೋರಲಾದೆ. ಕಾಲು ಆಕಾಶಕ್ಕೆ, ಮುಖ ಉಪ್ಪಿಗೆ. ಕೆನ್ನೆಗೆ ಬೆಂಕಿ ಬಿದ್ದಂತಾಗಿ, ಕಣ್ಣು ಬಿಡಲಾಗದೆ ಅರಚಿದೆ. ಪೆಪ್ಪರ್‌ಮಿಂಟಿನ ಆ ಹಿರಿಯರೇ ಸಿಹಿನೀರಿನ ಬಾಟಲಿ ತಂದು ಮುಖಕ್ಕೆ ಸುರಿದರು. "ನಗಬೇಡಿ ಮಾಸ್ಟ್ರೇ, ಬಾಯಿಗೆ ಹೋಗ್ತದೆ" ಎಂದರು. ನಾನು ಅಳುತ್ತಿದ್ದೆ.

ಆ ಕಡೆ ಹೋಗುವವರು ದಯವಿಟ್ಟು ಹಿಂದಿನ ದಿನವೇ ಕ್ಷೌರ ನಿಲ್ಲಿಸಿ, ಪುಸ್ತಕವನ್ನು ಬಸ್ಸಿನಲ್ಲೇ ಬಿಟ್ಟಿಳಿಯಿರಿ.